ಒಬ್ಬರಿಗೆ ಒಂದು ಟೇಬಲ್

2024ರ ಅಕ್ಟೋಬರ್ ಹನ್ನೆರಡು, ಶನಿವಾರ, ಮಧ್ಯಾಹ್ನ ಹನ್ನೆರಡು ಮೂವತ್ತೈದು. ನನ್ನ ಕೋಪ ಶುರುವಾದದ್ದು ಆಗ, ಆಮ್‌ಸ್ಟರ್‌ಡ್ಯಾಮ್ ವಿಮಾನ ನಿಲ್ದಾಣದ ಹೊರಬಾಗಿಲಿನ ಹತ್ತಿರ. ಶುರುವಾದ ಹೊತ್ತು ಇಷ್ಟು ಖಚಿತವಾಗಿ ಹೇಗೆ ಗೊತ್ತು ಎಂದು ನೀವು ಕೇಳಬಹುದು. ಬರೆದಿಟ್ಟಿದ್ದೇನೆ. ನಾನು ಎಲ್ಲವನ್ನೂ ಬರೆದಿಡುತ್ತೇನೆ.

ಕೋಪಿಷ್ಠರಲ್ಲಿ ಎರಡು ಜಾತಿಯಿದೆ. ಬಂದ ಕೋಪವನ್ನು ಬಂದ ಕೂಡಲೇ ಆಡಿ ಮುಗಿಸುವವರು ಮೊದಲನೆಯವರು. ಅವರ ರಕ್ತದೊತ್ತಡ ಇಳಿಯುತ್ತದೆ, ಎದುರಿಗಿದ್ದವರದು ಏರುತ್ತದೆ, ಜಗತ್ತಿನ ಒಟ್ಟು ಒತ್ತಡ ಇದ್ದಷ್ಟೇ ಇರುತ್ತದೆ. ಎರಡನೆಯವರು ಮುಖದ ತುಂಬ ನಕ್ಕು, "ಅಯ್ಯೋ ಪರವಾಗಿಲ್ಲ ಆಂಟಿ" ಎಂದು ಹೇಳಿ, ಆಮೇಲೆ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ಬರೆದುಕೊಳ್ಳುವವರು. ನಾನು ಎರಡನೆಯ ಜಾತಿ. ನನ್ನ ಡೈರಿಯಲ್ಲಿ ಇದಕ್ಕೆಂದೇ ನಾಲ್ಕು ಕಾಲಂಗಳಿವೆ: ದಿನಾಂಕ, ಹೊತ್ತು, ಕಾರಣ, ಬಾಯಿಬಿಟ್ಟು ಹೇಳಿದೆನೇ. ನಾಲ್ಕನೆಯದರಲ್ಲಿ "ಇಲ್ಲ" ಎಂದು ಬರೆದೂ ಬರೆದೂ ಕೈನೋವು ಬಂದು, ಕಳೆದ ವರ್ಷದಿಂದ ಬರೀ ಅಡ್ಡಗೆರೆ ಎಳೆಯುತ್ತಿದ್ದೇನೆ.

ನಾನಿರುವುದು ಅಮೆರಿಕದ ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ, ವಿಜಯಾ ಆಂಟಿಯ ಮನೆಯ ಬೇಸ್‌ಮೆಂಟಿನಲ್ಲಿ, ಬಾಡಿಗೆಗೆ. ಆಂಟಿ ಮೈಸೂರಿನವರು, ನಾನೂ ಮೈಸೂರಿನವಳು; ಆದ್ದರಿಂದ ಮೇಲಿನ ಮನೆಗೂ ಕೆಳಗಿನ ಮನೆಗೂ ನಡುವೆ ಇರುವ ಬಾಗಿಲಿಗೆ ಚಿಲಕವಿದ್ದೂ ಇಲ್ಲದಂತೆ. ಸಂಜೆ ನಾನು ಒಂದು ತಟ್ಟೆ ಅನ್ನ ಹಾಕಿಕೊಂಡು ಕೂರುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಗುತ್ತದೆ. ಬಟ್ಟಲಲ್ಲಿ ಸಾರು ಬರುತ್ತದೆ, ಸಾರಿನ ಹಿಂದೆ ಆಂಟಿ ಬರುತ್ತಾರೆ, ಆಂಟಿಯ ಹಿಂದೆ ಅವತ್ತಿನ ಸುದ್ದಿ ಬರುತ್ತದೆ. ಒಳ್ಳೆಯವರು. ಅದೇ ಕಷ್ಟ. ಕೆಟ್ಟವರ ಮೇಲೆ ಕೋಪ ಮಾಡಿಕೊಳ್ಳುವುದು ಎಷ್ಟು ಸಲೀಸು ಎಂದು ಒಳ್ಳೆಯವರ ಮನೆಯಲ್ಲಿ ಬಾಡಿಗೆಗಿದ್ದವರಿಗೇ ಗೊತ್ತು.

ಇಲ್ಲಿಗೆ ಬಂದ ಮೂರು ವರ್ಷಗಳಲ್ಲಿ ನಾನು ಒಂದು ಹೋಟೆಲಿನಲ್ಲಿ ಒಬ್ಬಳೇ ಕುಳಿತು, ತಟ್ಟೆ ಖಾಲಿಯಾಗುವ ತನಕ ಊಟ ಮಾಡಿದ್ದು ಸೊನ್ನೆ ಸಲ. ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕುಳಿತು ಬರಿಟೊ ತಿಂದದ್ದನ್ನು ಸೇರಿಸಿಲ್ಲ. ಅದು ಊಟವಲ್ಲ, ಪೆಟ್ರೋಲ್ ಹಾಕಿಸಿದ ಹಾಗೆ. ಒಮ್ಮೆ ಪ್ರಯತ್ನಪಟ್ಟಿದ್ದೆ. ಕೊಲಂಬಿಯಾದ ಕೆರೆಯ ಪಕ್ಕದ ಹೋಟೆಲಿನಲ್ಲಿ ಕುಳಿತು ಒಂಬತ್ತು ನಿಮಿಷವಾಗಿತ್ತು, ಪಾಸ್ತಾ ಇನ್ನೂ ಬಂದಿರಲಿಲ್ಲ. ಯುಗಾದಿ ಕಾರ್ಯಕ್ರಮದಲ್ಲಿ ಒಮ್ಮೆ ನೋಡಿದ್ದ ಒಂದು ಕುಟುಂಬ ಒಳಗೆ ಬಂತು. ಅವರು ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ರೈಲ್ವೆ ಸ್ಟೇಷನ್ನಿನಲ್ಲಿ ತಪ್ಪಿಸಿಕೊಂಡ ಮಗು ಸಿಕ್ಕಿದ ಹಾಗೆ. ಎರಡು ನಿಮಿಷದಲ್ಲಿ ನಾನು ಅವರ ಟೇಬಲ್ಲಿನ ತುದಿಯಲ್ಲಿದ್ದೆ. ನನ್ನ ಪಾಸ್ತಾವನ್ನು ಆರು ಜನ ರುಚಿ ನೋಡಿದರು.

ಇಲ್ಲಿ ನಮ್ಮಜ್ಜಿಯ ವಿಷಯ ಹೇಳಬೇಕು. ಮೈಸೂರಿನ ಮನೆಯಲ್ಲಿ ಅಜ್ಜಿ ಹನ್ನೊಂದು ಜನಕ್ಕೆ ಬಡಿಸಿ, ಎಲ್ಲರೂ ಕೈತೊಳೆದು ಎದ್ದ ಮೇಲೆ, ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಒಬ್ಬಳೇ ಊಟ ಮಾಡುತ್ತಿದ್ದಳು. ಐವತ್ತು ವರ್ಷ ಹಾಗೇ ಮಾಡಿದಳು. ಪಾಪ, ಒಬ್ಬಳೇ ಉಣ್ಣುತ್ತಾಳಲ್ಲ ಎಂದು ಆ ಹನ್ನೊಂದು ಜನರಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಹೆಂಗಸು ಎಲ್ಲರಿಗೂ ಬಡಿಸಿದ ಮೇಲೆ ಒಬ್ಬಳೇ ಉಂಡರೆ ಅದು ಸಂಪ್ರದಾಯ. ಯಾರಿಗೂ ಬಡಿಸದೆ ಒಬ್ಬಳೇ ಉಂಡರೆ ಮಾತ್ರ ಅನಾಥೆ. ಇದನ್ನು ಬರೆಯುವಾಗಲೂ ಪೆನ್ನು ಹಾಳೆಯನ್ನು ಸ್ವಲ್ಪ ಹರಿಯಿತು.

ಅಮೆರಿಕದ ವೀಸಾ ಸ್ಟ್ಯಾಂಪಿಂಗ್‌ಗೆ ಬೆಂಗಳೂರಿಗೆ ಹೋಗಬೇಕಾಗಿ ಬಂದಾಗ ನನಗೆ ಉಪಾಯ ಹೊಳೆಯಿತು. ಆಮ್‌ಸ್ಟರ್‌ಡ್ಯಾಮ್ ಮೂಲಕ ಹೋಗುವ ಒಂದು ಟಿಕೆಟ್ಟಿನಲ್ಲಿ ನಡುವೆ ಇಪ್ಪತ್ಮೂರು ಗಂಟೆ ಕಾಯಬೇಕಿತ್ತು. ಬೇರೆಯವರು ಅದನ್ನು ನೋಡಿ ಮುಂದಕ್ಕೆ ಹೋಗುತ್ತಾರೆ; ನಾನು ಅದನ್ನೇ ಆರಿಸಿದೆ. ನನ್ನನ್ನು ಯಾರೂ ಗುರುತಿಸದ ಒಂದು ಊರು, ಒಂದು ಮಧ್ಯಾಹ್ನ, ಒಂದು ಸಂಜೆ. ಕಾಲುವೆಯ ಪಕ್ಕದ ಒಂದು ಪುಟ್ಟ ರೆಸ್ಟೋರೆಂಟಿನಲ್ಲಿ, ಕಿಟಕಿಯ ಹತ್ತಿರ, ಸಂಜೆ ಆರೂವರೆಗೆ, ಒಬ್ಬರಿಗೆ ಒಂದು ಟೇಬಲ್ ಕಾದಿರಿಸಿದೆ. ನನಗೆ ತಿಳಿಯಬೇಕಾದದ್ದು ಇಷ್ಟೇ: ಎದುರಿನ ಕುರ್ಚಿಯಲ್ಲಿ ಯಾರೂ ಇಲ್ಲದಿದ್ದರೆ ನಾನು ಹೇಗಿರುತ್ತೇನೆ? ಇಪ್ಪತ್ತೇಳು ವರ್ಷವಾದರೂ ಇದು ನನಗೆ ಗೊತ್ತಿಲ್ಲ. ಇಷ್ಟು ತಿಳಿದುಕೊಳ್ಳಲು ವಾಷಿಂಗ್ಟನ್ನಿಗೆ ಎರಡು ಸಲ ಹೋಗಿ, ಹತ್ತು ಬೆರಳುಗಳ ಗುರುತು ಕೊಟ್ಟು, ಇಪ್ಪತ್ತನಾಲ್ಕು ಪುಟಗಳ ದಾಖಲೆ ಸಲ್ಲಿಸಿ, ಒಂದೇ ಒಂದು ದಿನದ ಮಟ್ಟಿಗೆ ಯುರೋಪಿನ ವೀಸಾ ಮಾಡಿಸಿಕೊಂಡೆ.

ತಪ್ಪಾದದ್ದು ಆ ಇಪ್ಪತ್ತನಾಲ್ಕು ಪುಟಗಳಲ್ಲೇ. ವೀಸಾದವರು ದಿನಚರಿ ಕೇಳುತ್ತಾರೆ. ಬೇರೆಯವರು "ಊರು ನೋಡುವುದು" ಎಂದು ಒಂದು ಸಾಲು ಬರೆದು ಕೊಡುತ್ತಾರಂತೆ. ನಾನು ಕಾಲು ಗಂಟೆಗೊಂದು ಸಾಲಿನಂತೆ ಪಟ್ಟಿ ಮಾಡಿದೆ. ನನ್ನಲ್ಲಿ ಪ್ರಿಂಟರ್ ಇಲ್ಲ, ಮೇಲಿನ ಮನೆಯಲ್ಲಿದೆ. ನಾನು ಕೆಳಗಿನಿಂದ ಪ್ರಿಂಟ್ ಕೊಟ್ಟು ಮೆಟ್ಟಿಲು ಹತ್ತುವಷ್ಟರಲ್ಲಿ ವಿಜಯಾ ಆಂಟಿ ಕನ್ನಡಕ ಹಾಕಿಕೊಂಡು ಹತ್ತೊಂಬತ್ತನೆಯ ಪುಟ ಓದುತ್ತಿದ್ದರು. ಮೂರರಿಂದ ಆರೂಕಾಲರವರೆಗೆ ಕಾಲುವೆಗಳ ಪಕ್ಕ ನಡಿಗೆ. ಆರೂವರೆಗೆ ಊಟ, ಒಬ್ಬರಿಗೆ.

"ಒಬ್ಬಳೇನಾ?" ಅಂದರು.

ಹೌದು ಅಂದೆ.

"ಯಾಕೆ, ಯಾರೂ ಸಿಗ್ಲಿಲ್ವಾ?"

ಅವರ ದನಿಯಲ್ಲಿ ವ್ಯಂಗ್ಯ ಒಂದು ಚೂರೂ ಇರಲಿಲ್ಲ. ನಿಜವಾದ ಮರುಕವಿತ್ತು. ಮೂರು ಗಂಟೆ ಕಾಲ ಬರೀ ನಡೆಯುತ್ತಾಳಂತೆ ಎಂದು ಒಳಗಿದ್ದ ಗಂಡನಿಗೆ ಕೂಗಿ ಹೇಳಿದರು. ಮೂರು ದಿನ ಬಿಟ್ಟು ಒಂದು ಪಾರ್ಸೆಲ್ ಇಳಿದು ಬಂತು. ಆಂಟಿಯ ತಂಗಿ ಸುಮಾ ಅಲ್ಲೇ ಆಮ್‌ಸ್ಟರ್‌ಡ್ಯಾಮಿನ ಹತ್ತಿರ ಇದ್ದಾರಂತೆ. ಜ್ವರದ ಮಾತ್ರೆಯ ಐನೂರರ ಡಬ್ಬ, ಮೂರು ಪೌಂಡ್ ಬಾದಾಮಿ, ಒಂದು ರೇಷ್ಮೆ ಬ್ಲೌಸ್ ಪೀಸು. ನಾನೇನೂ ಎಲ್ಲಿಗೂ ಹೋಗಬೇಕಾಗಿಲ್ಲ, ಅವರೇ ವಿಮಾನ ನಿಲ್ದಾಣಕ್ಕೆ ಬಂದು ತೆಗೆದುಕೊಳ್ಳುತ್ತಾರೆ, ಐದು ನಿಮಿಷದ ಕೆಲಸ ಅಂದರು. ನಾನು "ಅಯ್ಯೋ ಪರವಾಗಿಲ್ಲ ಆಂಟಿ" ಅಂದೆ. ಅಡ್ಡಗೆರೆ.

ಹೀಗಾಗಿ ಆ ಶನಿವಾರ ಹನ್ನೆರಡು ಮೂವತ್ತೈದಕ್ಕೆ ನಾನು ಹೊರಗೆ ಬಂದಾಗ, ಎದುರಿಗೆ ಒಬ್ಬರು ನನ್ನ ಹೆಸರು ಬರೆದ ಹಾಳೆ ಹಿಡಿದು ನಿಂತಿದ್ದರು. ಮೇಘನಾ ಎಂದು, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಯಾರೂ ಗುರುತಿಸದ ಊರಿನಲ್ಲಿ. ಸುಮಾ ಆಂಟಿಯ ಗಂಡ ಶ್ರೀಧರ ಅಂಕಲ್. ಸಣ್ಣಗಿನ, ಮೆತ್ತಗಿನ ಮನುಷ್ಯ, ಐವತ್ತೈದರ ಆಚೆಈಚೆ. ನಾನು ಪಾರ್ಸೆಲ್ ತೆಗೆಯಲು ಬ್ಯಾಗಿಗೆ ಕೈಹಾಕಿದೆ. ಅವರು ನನ್ನ ಸೂಟ್‌ಕೇಸಿಗೆ ಕೈಹಾಕಿದರು. ಸೂಟ್‌ಕೇಸಿನ ಹಿಡಿ ಒಮ್ಮೆ ಇನ್ನೊಬ್ಬರ ಕೈಗೆ ಹೋಯಿತೆಂದರೆ, ಅದರ ಯಜಮಾನಿ ಅದರ ಹಿಂದೆ ನಡೆಯುವ ಕರು. "ಕಾರು ಮೇಲ್ಗಡೆ ಇದೆ, ಬಾಮ್ಮ," ಎಂದು ಅವರು ಹೊರಟೇಬಿಟ್ಟರು. ಮನೆ ಹತ್ತೇ ನಿಮಿಷವಂತೆ, ಸುಮಾ ಕಾಯುತ್ತಿದ್ದಾಳಂತೆ, ಮುಖ ತೊಳೆದು ಒಂದು ಲೋಟ ಕಾಫಿ ಕುಡಿದು ಹೋದರಾಯಿತಂತೆ. ಬೇಡ ಎನ್ನಲು ನನಗೆ ಬಾಯಿರಲಿಲ್ಲವೇ? ಇತ್ತು. ಅದು ನಗುತ್ತಿತ್ತು.

ಅವರ ಮನೆ ಇದ್ದದ್ದು ಆಮ್‌ಸ್ಟಲ್‌ವೀನ್ ಎಂಬಲ್ಲಿ. ಯಾರಾದರೂ ನನ್ನ ಕಣ್ಣು ಕಟ್ಟಿ ಅಲ್ಲಿ ಬಿಟ್ಟಿದ್ದರೆ ನಾನು ಕೊಲಂಬಿಯಾ ಎಂದೇ ಹೇಳುತ್ತಿದ್ದೆ. ಬಾಗಿಲಲ್ಲಿ ಅದೇ ಚಪ್ಪಲಿ ರಾಶಿ, ಒಳಗೆ ಅದೇ ದೊಡ್ಡ ಅಕ್ಕಿ ಚೀಲ, ಅದೇ ಸ್ಟೀಲ್ ಲೋಟ, ಒಗ್ಗರಣೆಯ ವಾಸನೆ ಪಕ್ಕದ ಮನೆಗೆ ಹೋಗಬಾರದೆಂದು ತೆರೆದಿಟ್ಟ ಅದೇ ಕಿಟಕಿ. ಅವತ್ತು ವಿಜಯದಶಮಿ. ಹಾಲ್‌ನ ಒಂದು ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಕ್ರೇಟುಗಳನ್ನು ಬೋರಲು ಹಾಕಿ, ಬಿಳಿ ಪಂಚೆ ಹೊದಿಸಿ, ಏಳು ಮೆಟ್ಟಿಲುಗಳ ಮೇಲೆ ಗೊಂಬೆ ಕೂರಿಸಿದ್ದರು. ಪಟ್ಟದ ಗೊಂಬೆಗಳ ಕೆಳಗೆ ಜಂಬೂಸವಾರಿ, ಜಂಬೂಸವಾರಿಯ ಪಕ್ಕದಲ್ಲಿ ಒಂದು ಗಾಳಿಯಂತ್ರ, ಆನೆಯ ಮುಂದೆ ಒಂದು ಜೊತೆ ಮರದ ಬೂಟು. ಹಾಲೆಂಡಿನಲ್ಲಿ ನಾನು ನೋಡಿದ ಗಾಳಿಯಂತ್ರ ಅದೊಂದೇ. ಎತ್ತರ ಆರು ಅಂಗುಲ.

ಸುಮಾ ಆಂಟಿ ಅಕ್ಕನಂತೆಯೇ ಒಳ್ಳೆಯವರು. ನಾನು ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಕಾಲಿಂಗ್ ಬೆಲ್ ಆಯಿತು. ಆಮೇಲೆ ನಿಲ್ಲಲೇ ಇಲ್ಲ. ಗೊಂಬೆ ನೋಡಲು ಕರೆದ ಜನ ತಂಡ ತಂಡವಾಗಿ ಬಂದರು, ಒಟ್ಟು ಮೂವತ್ತೊಂದು. ಬಂದವರೆಲ್ಲ ಮೊದಲು ಗೊಂಬೆಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅಮೆರಿಕದಿಂದ ಬಂದಿದ್ದಾಳೆ, ಅಕ್ಕನ ಮನೆಯಲ್ಲೇ ಇರುವುದು, ಒಬ್ಬಳೇ ಬಂದಿದ್ದಾಳೆ ಎಂದು ಸುಮಾ ಆಂಟಿ ಎಂಟನೆಯ ಮೆಟ್ಟಿಲಿನ ಗೊಂಬೆಯಂತೆ ನನ್ನನ್ನು ಪರಿಚಯಿಸಿದರು. "ಒಬ್ಬಳೇನಾ?" ಎಂಬ ಪ್ರಶ್ನೆ ಹದಿಮೂರು ಸಲ ಬಂತು. "ಭಯ ಆಗಲ್ವಾ?" ಏಳು ಸಲ. ಮದುವೆಯ ವಿಷಯ ನಾಲ್ಕು ಸಲ, ಅದರಲ್ಲಿ ಒಂದು ಸಲ ಫೋಟೊ ಸಮೇತ. ನನ್ನಿಂದ ಒಂದು ದೇವರನಾಮ ಹೇಳಿಸಿದರು. ಎರಡನೆಯ ನುಡಿ ಮರೆತು ಮೊದಲನೆಯದನ್ನೇ ಮೂರು ಸಲ ಹೇಳಿದೆ. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲವಾದ್ದರಿಂದ ಚೆನ್ನಾಗಿದೆ ಎಂದರು.

ಹೊರಡುವ ಪ್ರಯತ್ನಗಳನ್ನು ಮಾಡಲಿಲ್ಲವೆಂದಲ್ಲ. ಎರಡು ಹತ್ತಕ್ಕೆ ಎದ್ದು ನಿಂತೆ. ನಿಂತ ಕೂಡಲೇ ಕೈಗೆ ಪುಳಿಯೋಗರೆ, ಕೋಸಂಬರಿ, ಹಯಗ್ರೀವ ತುಂಬಿದ ತಟ್ಟೆ ಬಂತು, ಕೂತೆ. ಮೂರು ನಲವತ್ತಕ್ಕೆ ಸೂಟ್‌ಕೇಸ್ ಹುಡುಕಿಕೊಂಡು ಮಲಗುವ ಕೋಣೆಗೆ ಹೋದೆ. ಅದು ಮಂಚದ ಆಚೆ ಬದಿಯಲ್ಲಿತ್ತು. ಮಂಚದ ಮೇಲೆ ಬಂದವರ ಕೋಟುಗಳು, ಕೋಟುಗಳ ನಡುವೆ ಯಾರದೋ ನಿದ್ದೆ ಮಾಡುವ ಮಗು. ಹೊರಗೆ ಬಂದೆ. ಕಿಟಕಿಯಲ್ಲಿ ನೋಡಿದರೆ ಬಿಸಿಲು. ಅಕ್ಟೋಬರಿನಲ್ಲಿ ಆ ಊರಿನಲ್ಲಿ ಬಿಸಿಲು ಬೀಳುವುದೇ ಅಪರೂಪವಂತೆ, ನನ್ನ ಅದೃಷ್ಟವಂತೆ. ಅದನ್ನು ಹೇಳಿದವರು ಪರದೆ ಎಳೆದು ದೀಪಾಲಂಕಾರ ಹಾಕಿದರು, ಗೊಂಬೆಗಳು ಚೆನ್ನಾಗಿ ಕಾಣಲಿ ಎಂದು. ನಾಲ್ಕು ಐವತ್ತಕ್ಕೆ ಬಾಗಿಲ ತನಕ ಹೋಗಿ ಎಡಗಾಲಿನ ಶೂ ಹುಡುಕಿದೆ. ಬಲಗಾಲಿನದನ್ನು ಹುಡುಕುತ್ತಿರುವಾಗ ಸುಮಾ ಆಂಟಿ ಬಂದರು. ಆರತಿಯಾಗದೆ ಮನೆಯಿಂದ ಹೆಣ್ಣುಮಗು ಹೋಗುತ್ತದೆಯೇ, ಅದೂ ಇವತ್ತಿನ ದಿನ ಎಂದು ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ಅಷ್ಟು ಹೊತ್ತಿಗೆ ನನ್ನ ಪಟ್ಟಿಯ ಪ್ರಕಾರ ನಾನು ನಾಲ್ಕನೆಯ ಸೇತುವೆಯ ಮೇಲೆ ನಿಂತಿರಬೇಕಿತ್ತು.

ಆರತಿಯಾದದ್ದು ಐದು ಮೂವತ್ತೈದಕ್ಕೆ. ಕುಂಕುಮ, ಎಲೆಅಡಿಕೆ, ಬ್ಲೌಸ್ ಪೀಸು. ನಾನು ಸಾಗರ ದಾಟಿಸಿ ತಂದುಕೊಟ್ಟ ಅದೇ ಬ್ಲೌಸ್ ಪೀಸು ಎಂದು ನನಗೆ ಬಲವಾದ ಅನುಮಾನವಿದೆ. ಈಗ ಹೊರಡಲೇಬೇಕು, ಆರೂವರೆಗೆ ಟೇಬಲ್ ಹೇಳಿದ್ದೇನೆ ಅಂದೆ. ಎಷ್ಟು ಜನಕ್ಕೆ ಎಂದು ಕೇಳಿದರು. ಒಬ್ಬರಿಗೆ ಅಂದೆ. ಹಾಲ್‌ನಲ್ಲಿ ಇನ್ನೂ ಹದಿನಾರು ಜನರಿದ್ದರು; ಅಷ್ಟೂ ಜನ ನನ್ನ ಕಡೆ ತಿರುಗಿದರು. ಒಲೆಯ ಮೇಲೆ ಮಜ್ಜಿಗೆಹುಳಿ ಕುದಿಯುತ್ತಿತ್ತು.

"ಇಷ್ಟು ಜನ ಇದ್ದೂ ಯಾರೂ ಇಲ್ದೋರ್ ಥರ ಹೋಟ್ಲಲ್ಲಿ ಕೂತ್ಕೋತೀಯಾ?" ಅಂದರು ಸುಮಾ ಆಂಟಿ. ಕಣ್ಣಲ್ಲಿ ನೀರಿತ್ತೆಂದು ನಾನು ಪ್ರಮಾಣ ಮಾಡಬಲ್ಲೆ. ಆಮೇಲೆ ಗಂಡನ ಕಡೆ ತಿರುಗಿ, "ರೀ, ನೀವೂ ಹೋಗಿ ಜೊತೆಗೆ. ಪರಸ್ಥಳ, ಒಬ್ಬಳನ್ನೇ ಹೆಂಗೆ ಕಳಿಸೋದು?"

ಮೂಲೆಯಲ್ಲಿ ಒಂದೂ ಮಾತಾಡದೆ ಇಡೀ ಮಧ್ಯಾಹ್ನ ಕಾಗದದ ತಟ್ಟೆ ಹಂಚುತ್ತಿದ್ದ ಶ್ರೀಧರ ಅಂಕಲ್ ಎದ್ದರು. ನನಗೆ ನಾಲ್ಕು ಐವತ್ತರಿಂದ ಸಿಗದ ಬಲಗಾಲಿನ ಶೂ ಅವರಿಗೆ ಅರ್ಧ ನಿಮಿಷದಲ್ಲಿ ಸಿಕ್ಕಿತು. ಸೂಟ್‌ಕೇಸ್ ಅಲ್ಲೇ ಇರಲಿ, ವಾಪಸು ಬಂದು ತೆಗೆದುಕೊಂಡರಾಯಿತು ಅಂದರು.

ಟ್ರ್ಯಾಮ್ ಹತ್ತಿದೆವು. ನನ್ನೊಳಗೆ ಮೂವತ್ತೊಂದು ಜನರ ಪ್ರಶ್ನೆಗಳು, ಏಳು ಮೆಟ್ಟಿಲು ಗೊಂಬೆಗಳು, ವಿಜಯಾ ಆಂಟಿಯ ಪ್ರಿಂಟರ್ ಎಲ್ಲ ಸೇರಿ ಪ್ರೆಷರ್ ಕುಕ್ಕರಿನಂತೆ ಏರುತ್ತಿದ್ದವು. ಆರು ನಲವತ್ತೆರಡಕ್ಕೆ ರೆಸ್ಟೋರೆಂಟಿನ ಬಾಗಿಲಲ್ಲಿದ್ದೆವು. ಹನ್ನೆರಡು ನಿಮಿಷ ತಡವಾಗಿದ್ದರೂ ಟೇಬಲ್ ಇನ್ನೂ ಇತ್ತು: ಕಿಟಕಿಯ ಪಕ್ಕ, ಒಂದು ಬಟ್ಟಲು, ಒಂದು ಗ್ಲಾಸು, ಒಂದು ಕುರ್ಚಿ. ಬಡಿಸುವ ಹುಡುಗಿ ನನ್ನ ಹಿಂದೆ ನಿಂತಿದ್ದ ಅಂಕಲನ್ನು ನೋಡಿ, ಏನೂ ತೊಂದರೆಯಿಲ್ಲ ಎಂಬಂತೆ ಪಕ್ಕದ ಟೇಬಲ್ಲಿನಿಂದ ಇನ್ನೊಂದು ಕುರ್ಚಿ ಎಳೆದು ನನ್ನ ಎದುರಿಗೆ ಹಾಕಿದಳು. ಅಂಕಲ್ ಅದರ ಬೆನ್ನಿನ ಮೇಲೆ ಕೈಯಿಟ್ಟರು.

"ಅಂಕಲ್, ನಂಗೆ ಒಬ್ಳೇ ಕೂತು ಊಟ ಮಾಡ್ಬೇಕು."

ಮೂರು ವರ್ಷಗಳಲ್ಲಿ ನಾನು ಬಾಯಿಬಿಟ್ಟು ಹೇಳಿದ ಮೊದಲ ಕೋಪ ಅದು. ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ಕನ್ನಡ ಬಾರದ ಪಕ್ಕದ ಎರಡು ಟೇಬಲ್ಲಿನವರಿಗೂ ಅರ್ಥವಾಯಿತು. ಹೇಳಿದ್ದು ಯಾರಿಗೆ ಎಂದು ಗಮನಿಸಿ. ಪ್ರಿಂಟ್ ಓದಿದವರಿಗಲ್ಲ, ಪರದೆ ಎಳೆದವರಿಗಲ್ಲ, ಫೋಟೊ ತೋರಿಸಿದವರಿಗಲ್ಲ. ಮಧ್ಯಾಹ್ನದಿಂದ ನನಗೆ ಒಂದೂ ಪ್ರಶ್ನೆ ಕೇಳದ ಏಕೈಕ ವ್ಯಕ್ತಿಗೆ.

ಅವರು ಕುರ್ಚಿಯಿಂದ ಕೈ ತೆಗೆದರು. "ಓ. ಸರಿ ಬಿಡಮ್ಮ," ಅಂದರು. ಸ್ವಲ್ಪ ಯೋಚಿಸಿ, "ಸುಮಾ ಕೇಳಿದ್ರೆ ಜೊತೇಲೇ ಇದ್ದೆ ಅನ್ನು," ಎಂದು ಹೊರಗೆ ಹೋಗಿ, ರಸ್ತೆ ದಾಟಿ, ಕಾಲುವೆಯ ಅಂಚಿನ ಬೆಂಚಿನ ಮೇಲೆ ಕುಳಿತರು. ನನ್ನ ಕಿಟಕಿಗೆ ಸರಿಯಾಗಿ ಎದುರಿಗೆ.

ಊಟ ಶುರುವಾದದ್ದು ಆರು ಐವತ್ತಕ್ಕೆ. ಕುಂಬಳಕಾಯಿ ಸೂಪು, ಬ್ರೆಡ್ಡು, ಅಣಬೆಯದೇನೋ ಒಂದು. ಈ ಊಟಕ್ಕೆಂದೇ ಹೊಸದಾಗಿ ಹಾಕಿದ್ದ ರುಚಿಯ ಕಾಲಂನಲ್ಲಿ ಏನೂ ಬರೆದಿಲ್ಲ, ಏಕೆಂದರೆ ಗೊತ್ತಾಗಲಿಲ್ಲ. ಮೊದಲು ನನಗೆ ನಾಚಿಕೆಯಾಯಿತು. ಅಪ್ಪನ ವಯಸ್ಸಿನವರನ್ನು ಚಳಿಯಲ್ಲಿ ಕೂರಿಸಿದ್ದೇನಲ್ಲ ಎಂದು ಪ್ರತಿ ಚಮಚಕ್ಕೂ ತಲೆಯೆತ್ತಿ ನೋಡಿದೆ. ಹತ್ತೊಂಬತ್ತು ಸಲ ನೋಡಿದೆ. ಅವರು ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ. ಆರನೆಯ ಸಲ ನೋಡುವಾಗ ಅವರು ಫೋನನ್ನು ಆಫ್ ಮಾಡಿ ಒಳಜೇಬಿಗೆ ಹಾಕಿಕೊಳ್ಳುತ್ತಿದ್ದರು. ಹತ್ತನೆಯ ಸಲಕ್ಕೆ ಎಲ್ಲಿಂದಲೋ ಒಂದು ಕಾಗದದ ಪೊಟ್ಟಣದಲ್ಲಿ ಕರಿದ ಆಲೂಗಡ್ಡೆ ತಂದಿದ್ದರು. ಒಂದೊಂದನ್ನೇ ತೆಗೆದು, ಹಿಂದೆಮುಂದೆ ನೋಡಿ, ನಿಧಾನವಾಗಿ ತಿನ್ನುತ್ತಿದ್ದರು. ಹದಿನಾಲ್ಕನೆಯ ಸಲಕ್ಕೆ ಕಾಲು ನೀಡಿಕೊಂಡಿದ್ದರು. ಮುಳುಗಿದ ಸೂರ್ಯನ ಕೆಂಪು ಇಡೀ ಕಾಲುವೆಯ ಮೇಲಿತ್ತು, ಒಂದು ದೋಣಿ ಹೋಯಿತು, ದೋಣಿಯಲ್ಲಿದ್ದ ಯಾರೋ ಕೈಬೀಸಿದರು, ಇವರೂ ಬೀಸಿದರು. ಯಾರ ಗಂಡನೂ ಅಲ್ಲ, ಯಾರ ಅಂಕಲೂ ಅಲ್ಲ ಎಂಬಂತೆ ಕುಳಿತಿದ್ದರು. ಒಳಗೆ ದೀಪ ಹಾಕಿದ್ದರಿಂದ ನನ್ನ ಕಿಟಕಿಯಲ್ಲಿ ಕಾಲುವೆ ಮಸುಕಾಗಿ, ಸೂಪು ಕುಡಿಯುತ್ತಿದ್ದ ನನ್ನ ಮುಖವೇ ದೊಡ್ಡದಾಗಿ ಕಾಣಿಸತೊಡಗಿತು. ಆ ಮುಖಕ್ಕೆ ಹೊಟ್ಟೆಕಿಚ್ಚಾಗಿತ್ತು. ನಾನು ಹತ್ತು ಬೆರಳಿನ ಗುರುತು ಕೊಟ್ಟು ತಂದ ಸಂಜೆಯನ್ನು ಆ ಮನುಷ್ಯ ಬೆಂಚಿನ ಮೇಲೆ ಕುಳಿತು ಉಣ್ಣುತ್ತಿದ್ದರು.

ಸೇಬಿನ ಸಿಹಿ ತಿನ್ನಬೇಕೆಂದು ಎರಡು ತಿಂಗಳ ಹಿಂದೆಯೇ ಬರೆದುಕೊಂಡಿದ್ದೆ. ತಿನ್ನಲಿಲ್ಲ. ಏಳು ಹದಿನಾಲ್ಕಕ್ಕೆ ಎದ್ದು ಹೊರಗೆ ಹೋದೆ. ಒಟ್ಟು ಇಪ್ಪತ್ತನಾಲ್ಕು ನಿಮಿಷ.

"ಆಗ್ಲೇ ಆಯ್ತಾ?" ಅಂದರು. ಆ ದನಿಯಲ್ಲಿದ್ದ ನಿರಾಶೆಯನ್ನು ಅವರು ಮುಚ್ಚಿಡಲು ಪ್ರಯತ್ನಿಸಿದರು ಎಂಬುದನ್ನು ಅವರ ಪರವಾಗಿ ಹೇಳಬೇಕು. ಎಂಟು ವರ್ಷವಾಯಿತಂತೆ ಈ ಊರಿಗೆ ಬಂದು. ಕಾಲುವೆಯ ಪಕ್ಕ ಹೀಗೆ ಸುಮ್ಮನೆ ಕೂತದ್ದು ಇವತ್ತೇ ಅಂತೆ. ಪೊಟ್ಟಣದಲ್ಲಿ ಇನ್ನೂ ನಾಲ್ಕಾರು ಆಲೂಗಡ್ಡೆ ಉಳಿದಿದ್ದವು. ಅವರು ಅದನ್ನು ನೋಡಿದರು, ನೀರನ್ನು ನೋಡಿದರು, ಕೊನೆಗೆ ಬಹಳ ಸಂಕೋಚದಿಂದ ಕೇಳಿದರು: "ನೀನು ಹಂಗೇ ಒಂದು ರೌಂಡ್ ಹಾಕ್ಕೊಂಡು ಬರ್ತೀಯಾ? ನಾನು ಇಲ್ಲೇ ಇರ್ತೀನಿ. ಏನೂ ಅವಸರ ಇಲ್ಲ."

ಯೋಚಿಸಿ ನೋಡಿ. ಕಾಲುವೆಯ ಪಕ್ಕ ಒಬ್ಬಳೇ ನಡಿಗೆ. ನನ್ನ ಹತ್ತೊಂಬತ್ತನೆಯ ಪುಟದಲ್ಲಿದ್ದದ್ದು ಅದೇ. ಅವತ್ತು ಇಡೀ ದಿನದಲ್ಲಿ ನನಗೆ ಬೇಕಾದದ್ದನ್ನು ನನಗೆ ಕೊಡಲು ಬಂದವರು ಅವರೊಬ್ಬರೇ. ತಲೆಯಾಡಿಸಿ ನಡೆದುಬಿಟ್ಟಿದ್ದರೆ ಇಬ್ಬರಿಗೂ ಒಂದೊಂದು ಸಂಜೆ ಸಿಗುತ್ತಿತ್ತು.

"ಹೊತ್ತಾಯ್ತು ಅಂಕಲ್," ಅಂದೆ. "ಸುಮಾ ಆಂಟಿ ಕಾಯ್ತಿರ್ತಾರೆ."

ನಗುತ್ತಲೇ ಹೇಳಿದೆ. ಹೇಳುವಾಗ ಹೊಟ್ಟೆಯೊಳಗೆ ಒಂದು ಬಗೆಯ ತಂಪಾಯಿತು ಎಂಬುದನ್ನೂ ಪ್ರಾಮಾಣಿಕವಾಗಿ ಬರೆದಿಟ್ಟಿದ್ದೇನೆ. ಅವರು "ಹೌದೌದು, ಸರಿ ಸರಿ" ಎಂದು ಪೊಟ್ಟಣ ಮಡಿಸಿ ಎದ್ದರು, ಫೋನ್ ಆನ್ ಮಾಡಿದರು. ಅದು ತಕ್ಷಣ ಹೊಡೆದುಕೊಂಡಿತು. ವಾಪಸು ಹೋದ ಮೇಲೆ ನನಗೆ ಮಜ್ಜಿಗೆಹುಳಿ ಬಡಿಸಿದರು. ಪಾಪ, ಹೋಟೆಲಿನಲ್ಲಿ ಏನು ತಿಂದಿರುತ್ತಾಳೆ ಎಂದು.

ನಾನು ಈಗ ಕೊಲಂಬಿಯಾಕ್ಕೆ ಮರಳಿದ್ದೇನೆ. ಒಬ್ಬಳನ್ನೇ ಬಿಡಲಿಲ್ಲವಂತೆ, ನಮ್ಮ ಶ್ರೀಧರ ಜೊತೆಯಲ್ಲೇ ಕೂತು ಊಟ ಮಾಡಿಸಿದರಂತೆ ಎಂದು ವಿಜಯಾ ಆಂಟಿ ಎಲ್ಲರಿಗೂ ಹೇಳುತ್ತಿದ್ದಾರೆ. ಹೌದು ಆಂಟಿ ಎನ್ನುತ್ತಿದ್ದೇನೆ. ಆದರೆ ವರ್ಷದ ಕೊನೆಗೆ ಲೆಕ್ಕ ಕೂಡುವಾಗ ಒಂದು ತೊಡಕು ಬಂದಿದೆ. ಟೇಬಲ್ ಒಂದು, ಚಮಚ ಒಂದು, ಉಂಡವಳು ಒಬ್ಬಳು. ನಡುವೆ ಒಂದು ಗಾಜು, ಒಂದು ರಸ್ತೆ. ಆಚೆ ಕಡೆ ಬೆಂಚಿನ ಮೇಲೆ, ನನ್ನ ಜೊತೆಗೆಂದೇ ಬಂದು, ನನ್ನನ್ನು ಪೂರ್ತಿ ಮರೆತು ಕುಳಿತ ಒಬ್ಬರು. ಇದನ್ನು ಒಬ್ಬಳೇ ಉಂಡ ಊಟವೆಂದು ಹಿಡಿಯಬಹುದೇ, ಅಥವಾ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆಯೇ? ಇಂಥದ್ದಕ್ಕೆ ಎಷ್ಟು ಅಡಿ ದೂರ, ಎಷ್ಟು ಸಲ ನೋಡಿದರೆ ಜೊತೆ ಎಂದು ಏನಾದರೂ ಪದ್ಧತಿ ಇದ್ದರೆ, ತಿಳಿದವರು ದಯವಿಟ್ಟು ನನಗೆ ಬರೆಯಿರಿ. ಶ್ರೀಧರ ಅಂಕಲ್ ಮಾತ್ರ ಬರೆಯುವುದು ಬೇಡ. ಅವರ ಲೆಕ್ಕದಲ್ಲಿ ಅವತ್ತು ಎಷ್ಟು ಜನರಿದ್ದರು ಎಂದು ನಾನು ಹತ್ತೊಂಬತ್ತು ಸಲ ನೋಡಿದ್ದೇನೆ.